ಆಕಾನ್ ಗಾದೆಗಳು

ಪಶ್ಚಿಮ ಆಫ್ರಿಕದ ಘಾನಾ ಮತ್ತು ಐವರಿ ಕೋಸ್ಟ್ ದೇಶಗಳಲ್ಲಿ ನೆಲೆಸಿರುವ ಆಕಾನ್ ಜನರ ಗಾದೆಗಳು ಮಾತಿನಲ್ಲಷ್ಟೇ ಉಳಿಯದೆ, ಚಿನ್ನದ ಪುಡಿಯನ್ನು ತೂಗಲು ಬಳಸುತ್ತಿದ್ದ ಹಿತ್ತಾಳೆಯ ತೂಕದ ಬೊಟ್ಟುಗಳಲ್ಲಿಯೂ, ಅರಸನ ಪರವಾಗಿ ಸಭೆಯಲ್ಲಿ ಮಾತನಾಡುವ ‘ಒಚಿಯಾಮೆ’ ಎಂಬ ಅಧಿಕಾರಿಯ ಕೋಲಿನ ತುದಿಯಲ್ಲಿಯೂ ಶಿಲ್ಪಗಳಾಗಿ ರೂಪುಗೊಂಡಿವೆ. ಅವುಗಳಲ್ಲಿ ಪ್ರಸಿದ್ಧವಾದುದು ಮೊಟ್ಟೆ ಹಿಡಿದ ಕೈ: ಅಧಿಕಾರವು ಮೊಟ್ಟೆಯಿದ್ದಂತೆ, ಅದನ್ನು ಬಿಗಿಯಾಗಿ ಹಿಡಿದರೆ ಒಡೆಯುತ್ತದೆ, ಸಡಿಲ ಬಿಟ್ಟರೆ ಜಾರಿ ಬೀಳುತ್ತದೆ ಎಂಬುದು ಅದರ ಅರ್ಥ. ಆಳುವವನ ಸಭೆಯಲ್ಲಿಯೇ ಅವನಿಗೆ ಇಂಥ ಎಚ್ಚರಿಕೆಯನ್ನು ಎತ್ತಿ ಹಿಡಿಯುವ ಸಂಪ್ರದಾಯವು ನಿಜಕ್ಕೂ ಮೆಚ್ಚತಕ್ಕದ್ದು. ಹಿಂದಕ್ಕೆ ಕತ್ತು ತಿರುಗಿಸಿದ ಹಕ್ಕಿಯ ರೂಪದ ‘ಸಂಕೋಫಾ’, ಮರೆತುದನ್ನು ಹಿಂದಿರುಗಿ ತರುವುದರಲ್ಲಿ ತಪ್ಪಿಲ್ಲವೆಂಬ ಗಾದೆಯ ಸಂಕೇತವಾಗಿದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ನಂಬುವ ಕನ್ನಡಿಗರಂತೆ ಆಕಾನ್ ಹಿರಿಯರೂ ವ್ಯಾಜ್ಯಗಳ ವಿಚಾರಣೆಯಲ್ಲಿ ಗಾದೆಗಳನ್ನು ಆಧಾರವಾಗಿ ಮುಂದಿಡುತ್ತಾರೆ.