ಅಕ್ಷರ ತಪ್ಪಿದ ವಿದ್ಯೆ

ಒಬ್ಬ ಸಾಧಕನು ನಡೆದು ಕಂಡ ದಾರಿಯು ಮತ್ತೊಬ್ಬನಿಗೆ ನಕ್ಷೆಯಾಗಬಲ್ಲುದೆ? ಶಾಸ್ತ್ರದಲ್ಲಿ ಬರೆದಿದೆ, ಅದರಂತೆ ನಡೆದರೆ ಸಾಕು ಎನ್ನುವವರು ನಮ್ಮಲ್ಲಿ ಬಹಳ. ಅನುಭವವು ಅವರವರದೇ, ಶಾಸ್ತ್ರದಿಂದ ಏನಾಗಬೇಕು ಎನ್ನುವವರೂ ಇದ್ದಾರೆ. ಈ ವಿಚಾರಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಶ್ರುತಪರಂಪರೆಯ ಆರಂಭದಲ್ಲೇ ಒಂದು ಪ್ರಸಂಗವಿದೆ. ಶ್ರುತಪಂಚಮಿಯಂದು ಅದನ್ನು ಕೇಳುತ್ತೇವೆ, ಅಷ್ಟಕ್ಕೇ ಬಿಡುತ್ತೇವೆ.

ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ತಿಳಿಸುವಂತೆ, ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಶ್ರುತವು ವಿಚ್ಛಿನ್ನವಾದೀತೆಂದು ಚಿಂತಿಸಿ ದಕ್ಷಿಣಾಪಥದ ಆಚಾರ್ಯರಿಗೆ ಪತ್ರ ಕಳುಹಿಸಿದರು. ಇಬ್ಬರು ಮುನಿಗಳು ಬಂದರು. ಧರಸೇನರು ಒಡನೆಯೇ ಪಾಠ ಹೇಳಲಿಲ್ಲ. ಒಬ್ಬರಿಗೆ ಒಂದು ಅಕ್ಷರ ಹೆಚ್ಚಾಗಿದ್ದ ವಿದ್ಯೆಯನ್ನೂ ಇನ್ನೊಬ್ಬರಿಗೆ ಒಂದು ಅಕ್ಷರ ಕಡಿಮೆಯಾಗಿದ್ದ ವಿದ್ಯೆಯನ್ನೂ ಕೊಟ್ಟು, ಎರಡು ಉಪವಾಸಗಳೊಡನೆ ಸಾಧಿಸಿರೆಂದರು. ಸಾಧನೆಯ ಕೊನೆಗೆ ಕಾಣಿಸಿಕೊಂಡ ದೇವತೆಗಳಲ್ಲಿ ಒಬ್ಬಳಿಗೆ ಹಲ್ಲುಗಳು ಹೊರಚಾಚಿದ್ದವು, ಇನ್ನೊಬ್ಬಳಿಗೆ ಒಂದೇ ಕಣ್ಣಿತ್ತು. ವಿಕಾರವು ದೇವತೆಗಳ ಸ್ವಭಾವವಲ್ಲವೆಂದು ಮುನಿಗಳು ಆಲೋಚಿಸಿದರು. ಮಂತ್ರವ್ಯಾಕರಣದ ನಿಯಮದಂತೆ ಹೆಚ್ಚಿದ್ದುದನ್ನು ತೆಗೆದು, ಕೊರತೆಯನ್ನು ತುಂಬಿ, ಮತ್ತೆ ಸಾಧಿಸಿದರು. ದೇವತೆಗಳು ಸಹಜರೂಪದಲ್ಲಿ ತೋರಿದರು. ಇದನ್ನು ತಿಳಿದು ಸಂತೋಷಗೊಂಡ ಮೇಲೆಯೇ ಧರಸೇನರು ಪಾಠಕ್ಕೆ ತೊಡಗಿದರು. ಅವರೇ ಪುಷ್ಪದಂತ, ಭೂತಬಲಿ ಆಚಾರ್ಯರು.

ಗುರುವೇ ತಿಳಿದು ತಿಳಿದು ತಪ್ಪು ಪಾಠ ಕೊಟ್ಟರೆಂಬುದು ಸಣ್ಣ ಮಾತಲ್ಲ. (ಹೊಸ ಗುಮಾಸ್ತನ ಮುಂದೆ ಕೂಡಿಕೆ ತಪ್ಪಿದ ಲೆಕ್ಕವನ್ನು ನಾನೂ ಇಟ್ಟು ನೋಡಿದ್ದೇನೆ, ತಪ್ಪನ್ನು ಹಾಗೆಯೇ ನಕಲು ಮಾಡಿ ತಂದವರೇ ಹೆಚ್ಚು.) ಆ ಮುನಿಗಳು ಗುರುವನ್ನು ಸಂಶಯಿಸಲಿಲ್ಲ, ಕೊಟ್ಟದ್ದನ್ನು ಎಸೆಯಲೂ ಇಲ್ಲ. ಹೇಳಿದಂತೆ ಸಾಧಿಸಿದರು, ಫಲವು ಸರಿಹೊಂದದಿದ್ದಾಗ, ತಮಗೆ ತೋಚಿದಂತಲ್ಲದೆ ಶಾಸ್ತ್ರದ ನಿಯಮದಿಂದಲೇ ತಿದ್ದಿಕೊಂಡರು. ಇಂಥವರ ಕೈಯಲ್ಲಿ ಮಾತ್ರ ಉಪದೇಶವು ನಕ್ಷೆಯಾಗುತ್ತದೆಂದು ನನ್ನ ಅಭಿಪ್ರಾಯ.

ಪಾಠ ಮುಗಿದ ಬಳಿಕ ಪುಷ್ಪದಂತರು ವನವಾಸ ದೇಶಕ್ಕೆ, ಅಂದರೆ ನಮ್ಮ ಬನವಾಸಿಯ ಸೀಮೆಗೆ ಬಂದು, ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿದರು. ಅವನ್ನು ಜಿನಪಾಲಿತರ ಮೂಲಕ ಭೂತಬಲಿಗಳಿಗೆ ಕಳುಹಿಸಿದರು. ಮುಂದಿನ ಭಾಗವನ್ನು ಭೂತಬಲಿಗಳು ಬರೆದು ಷಟ್ಖಂಡಾಗಮವನ್ನು ಪೂರೈಸಿದರು. 14 ಗುಣಸ್ಥಾನಗಳ ನಿರೂಪಣೆ ಬರುವುದು ಪುಷ್ಪದಂತರ ಆ ಸೂತ್ರಗಳಲ್ಲಿ.

ಬಸದಿಗಳಲ್ಲಿ ತೂಗುಹಾಕುವ ಚಿತ್ರಪಟಗಳು ಈ ಗುಣಸ್ಥಾನಗಳನ್ನು ಹದಿನಾಲ್ಕು ಮೆಟ್ಟಿಲುಗಳಾಗಿ ತೋರಿಸುತ್ತವೆ. ಮಕ್ಕಳಿಗೆ ಅಷ್ಟು ಸಾಕಾದೀತು. ಆದರೆ ಸಿದ್ಧಾಂತವು ಹೇಳುವುದು ಬೇರೆ. ಎರಡನೆಯದಾದ ಸಾಸಾದನಕ್ಕೆ ಮೊದಲನೆಯದರಿಂದ ಯಾರೂ ಏರುವುದಿಲ್ಲ. ಸಮ್ಯಕ್ತ್ವದಿಂದ ಜಾರುವವನಿಗೆ ಮಾತ್ರ ಅದು ಒದಗುತ್ತದೆ. ಹನ್ನೊಂದನೆಯದು ಉಪಶಾಂತಮೋಹ. ಅಲ್ಲಿ ಮೋಹನೀಯವು ಅಡಗಿರುತ್ತದೆ, ನಾಶವಾಗಿರುವುದಿಲ್ಲ. ಆದ್ದರಿಂದ ಅಲ್ಲಿಗೆ ತಲುಪಿದ ಮುನಿಯು ಅಂತರ್ಮುಹೂರ್ತದೊಳಗೆ ಇಳಿಯಲೇಬೇಕು. ಕರ್ಮವನ್ನು ಕ್ಷಯಿಸುತ್ತ ಏರುವವನು ಹತ್ತರಿಂದ ನೇರವಾಗಿ ಹನ್ನೆರಡಕ್ಕೆ ಹೋಗುತ್ತಾನೆ. ಏರುವ ದಾರಿಯನ್ನಷ್ಟೇ ಬರೆಯದೆ ಬೀಳುವ ಸ್ಥಳಗಳನ್ನೂ ಗುರುತಿಸಿಟ್ಟ ಈ ಪ್ರಾಮಾಣಿಕತೆಯಿಂದಲೇ ಗುಣಸ್ಥಾನಗಳಲ್ಲಿ ನನಗೆ ವಿಶ್ವಾಸ ಹೆಚ್ಚು.

ಇಂಥ ಗ್ರಂಥದ ಟೀಕೆಯಾದ ಧವಲೆಯ ತಾಳೆಗರಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕಷ್ಟೇ ದೊರೆಯುತ್ತಿದ್ದವು. ಅವುಗಳನ್ನು ಕಾಪಾಡಿದವರಿಗೆ ನಾವು ಋಣಿಗಳು; ಓದಿಗೆ ಬಾರದಿದ್ದುದರ ನಷ್ಟವೂ ನಮ್ಮದೇ. ಡಾ. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಹೊರತಂದಾಗ ಆಧಾರವಾಗಿದ್ದುದು ಪ್ರತಿಯ ಪ್ರತಿಗಳು. 93ನೆಯ ಸೂತ್ರದಲ್ಲಿ, ಮನುಷ್ಯಿನಿಯ ಗುಣಸ್ಥಾನಗಳನ್ನು ಹೇಳುವಲ್ಲಿ, ‘ಸಂಜದ’ ಎಂಬ ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಆ ಪದವಿಲ್ಲದಿದ್ದರೆ ಸೂತ್ರವು ಐದನೆಯ ಗುಣಸ್ಥಾನಕ್ಕೇ ನಿಲ್ಲುತ್ತದೆ. ಇದ್ದರೆ ಸಂಯಮದ ಮುಂದಿನ ಸ್ಥಾನಗಳೂ ಸೇರುತ್ತವೆ. ಪಂಡಿತರಲ್ಲಿ ದೊಡ್ಡ ವಿವಾದವೇ ಎದ್ದಿತು. ಮನುಷ್ಯಿನಿ ಎಂದರೆ ದ್ರವ್ಯಸ್ತ್ರೀಯೋ ಭಾವಸ್ತ್ರೀಯೋ ಎಂಬ ಚರ್ಚೆಯೂ ಅದರೊಡನೆ ಬೆಳೆಯಿತು. ಕೊನೆಗೆ ಮೂಡುಬಿದಿರೆಯ ಹಳಗನ್ನಡ ಲಿಪಿಯ ಗರಿಯನ್ನು ತೆಗೆದು ನೋಡಿದರು. ಪದವು ಅಲ್ಲಿತ್ತು.