ಹೆಬ್ಬೆರಳಿಗೊಂದು ಉಂಗುರ: ಕಲ್ಯಾಣದ ಬಿಲ್ಲಿನಿಂದ ನಮ್ಮ ಟ್ಯಾಕ್ಟಿಕಲ್ ಗ್ಲೋವ್ಸ್‌ವರೆಗೆ

(1/5)
ಹುಮನಾಬಾದ್‌ನಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಹೋಗುವಾಗ ನಮ್ಮ ಕ್ಲಾಸಿನವರು ದಾರಿಯುದ್ದಕ್ಕೂ ಕೇಳಿದ್ದು ಕೋಟೆ ಬಗ್ಗೆ ಅಲ್ಲ, ನನ್ನ ಕೈಯಲ್ಲಿದ್ದ ಕರಿ ಗ್ಲೋವ್ಸ್ ಬಗ್ಗೆ. ಎಲ್ಲಿ ತಗೊಂಡಿ? ಎನ್‌ಸಿಸಿ ಕ್ಯಾಂಪಿಗೆ ನಡೀತಾವೇನು? ಹೇಳ್ತೀನಿ. ಆದ್ರೆ ಮೊದಲು ಒಂದು ನಾಚಿಕೆಯ ಸುದ್ದಿ ಕೇಳ್ರಿ.

ಅದೇ ಗ್ಲೋವ್ಸ್ ಹಾಕ್ಕೊಂಡು ನಾನು ಫೈರಿಂಗ್ ರೇಂಜಿನಲ್ಲಿ .22 ರೈಫಲ್ ಹಿಡಿದು ಮಲಗಿದ್ದೆ. ಬೆರಳನ್ನು ಟ್ರಿಗರ್ ಹತ್ರ ತಂದೆ, ಇನ್ನೂ ಒತ್ತಿಲ್ಲ ಅಂತಲೇ ನನ್ನ ಲೆಕ್ಕ. ಬೆರಳ ತುದಿಯ ದಪ್ಪ ಹೊಲಿಗೆ ನನಗಿಂತ ಮೊದಲೇ ಒತ್ತಿತ್ತು. ಗುಂಡು ಹಾರಿತು. ನಳಿಗೆ ಎದುರಿನ ಮಣ್ಣಿನ ದಿಬ್ಬದ ಕಡೆಗೇ ಇತ್ತು, ಹಂಗಾಗಿ ಯಾರಿಗೂ ಏನೂ ಆಗಲಿಲ್ಲ. ಉಸ್ತಾದರು ಬೈದದ್ದನ್ನು ಇಲ್ಲಿ ಬರೆಯೋದಿಲ್ಲ. ತಪ್ಪು ಪೂರ್ತಿ ನನ್ನದೇ. ಕೈಗೆ ರಕ್ಷಣೆ ಅಂತ ಹಾಕ್ಕೊಂಡಿದ್ದೇ ಕೈಯನ್ನು ಕುರುಡು ಮಾಡಿತ್ತು. ಹಿಂದಿನವರು ಇದನ್ನ ಹೆಂಗ ಬಗೆಹರಿಸಿದ್ರು ಅಂತ ಆಮೇಲೆ ಹುಡುಕಿದೆ.

(2/5)
ಬಿಲ್ಲು ಹಿಡಿದವನ ಕೈಗೆ ಎರಡು ಕಡೆ ಪೆಟ್ಟು. ಬಾಣ ಬಿಟ್ಟ ಕೂಡಲೇ ಹೆದೆ ಬಂದು ಎಡಗೈ ಒಳಮಗ್ಗುಲಿಗೆ ಬಡೀತದೆ. ಬಲಗೈ ಬೆರಳು ಹೆದೆ ಎಳೆದೆಳೆದು ಕೊಯ್ದುಹೋಗ್ತದೆ. ಋಗ್ವೇದದ ಆರನೇ ಮಂಡಲದಲ್ಲಿ ಆಯುಧಗಳ ಮೇಲೇ ಒಂದು ಸೂಕ್ತ ಇದೆ, 75ನೆಯದು. ಅದರಲ್ಲಿ ಕವಚ, ಬಿಲ್ಲು, ಹೆದೆ, ಬತ್ತಳಿಕೆ ಎಲ್ಲದರ ಜೊತೆಗೆ ‘ಹಸ್ತಘ್ನ’ ಅನ್ನೋ ಕೈಪಟ್ಟಿಯೂ ಬರ್ತದೆ. ತೋಳಿಗೆ ಹಾವಿನ ಹಾಗೆ ಸುತ್ತಿಕೊಂಡು ಹೆದೆಯ ಪೆಟ್ಟು ತಡೆಯುವುದು ಅದರ ಕೆಲಸ.

ಮುಂದೆ ರಾಮಾಯಣ, ಮಹಾಭಾರತಕ್ಕೆ ಬಂದರೆ ವೀರರು ‘ಗೋಧಾ’, ‘ಅಂಗುಲಿತ್ರಾಣ’ ಕಟ್ಟಿಕೊಂಡು ಹೊರಡ್ತಾರೆ. ಅಂಗುಲಿತ್ರಾಣ ಅಂದ್ರೆ ಬೆರಳ ಕಾಪು. ಗೋಧಾ ಅಂದ್ರೆ ಮುಂಗೈಗೆ ಕಟ್ಟುವ ತೊಗಲ ಪಟ್ಟಿ. ಅದೇ ಪದಕ್ಕೆ ‘ಉಡ’ ಅಂತಲೂ ಅರ್ಥ ಇದೆ. ಉಡದ ತೊಗಲು ಎಷ್ಟು ಗಟ್ಟಿ ಅಂತ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. (ಈಗ ಉಡ ಮುಟ್ಟಿದರೆ ವನ್ಯಜೀವಿ ಕಾಯ್ದೆ ಕೇಸು. ಆ ಪ್ರಯೋಗ ಬ್ಯಾಡ.)

ಗಮನಿಸಿದ್ರೇನು? ಒಂದೇ ಗ್ಲೋವ್ಸ್ ಅಲ್ಲ, ಎರಡು ಬೇರೆ ಸಾಮಾನು. ಎಡಕ್ಕೊಂದು, ಬಲಕ್ಕೊಂದು, ಎಲ್ಲಿ ಪೆಟ್ಟು ಬೀಳ್ತದೋ ಅಲ್ಲಿಗಷ್ಟೇ.

(3/5)
ಈಗ ನಮ್ಮೂರಿಗೆ ಬರೋಣ. ಬಸವಕಲ್ಯಾಣ ಆಗ ಬರೀ ಕಲ್ಯಾಣ, ಚಾಲುಕ್ಯರ ರಾಜಧಾನಿ. ಇಲ್ಲಿಂದ 1076ರಿಂದ 1126ರವರೆಗೆ ಆರನೇ ವಿಕ್ರಮಾದಿತ್ಯ ಆಳಿದ. ಹುಮನಾಬಾದ್ ಹತ್ತಿರದ ಜಲಸಂಗಿ ಗುಡಿಯಲ್ಲಿ ಒಬ್ಬ ಶಿಲಾಬಾಲಿಕೆ ಶಾಸನ ಬರೀತಾ ನಿಂತಿದ್ದಾಳಲ್ಲ, ಅವಳು ಬರೀತಿರೋದು ಈ ವಿಕ್ರಮಾದಿತ್ಯನ ಹೊಗಳಿಕೆಯೇ. ಅವನ ಮಗ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅಡುಗೆಯಿಂದ ಆನೆವರೆಗೆ ಎಲ್ಲಾ ಇರೋ ಪುಸ್ತಕ. ಅದರಲ್ಲಿ ಆಯುಧ ಪ್ರದರ್ಶನ, ಕುಸ್ತಿ, ಗಿಡುಗ ಸಾಕಿ ಬೇಟೆ ಆಡಿಸೋದು, ಮೀನು ಹಿಡಿಯೋದು, ಮೃಗಬೇಟೆ, ಒಂದೊಂದಕ್ಕೂ ಬೇರೆ ಅಧ್ಯಾಯ. ನಾವು ಈಗ ‘ಔಟ್‌ಡೋರ್’ ಅಂತ ಕರೆಯೋದೆಲ್ಲ ಒಬ್ಬ ರಾಜ ಕೂತು ಅಧ್ಯಾಯ ಮಾಡಿ ಬರೆದಿಟ್ಟಿದ್ದಾನೆ, ಅದೂ ನಮ್ಮ ಪಕ್ಕದೂರಿನಲ್ಲಿ!

ಐದು ನೂರು ವರ್ಷದ ಮೇಲೆ ಅದೇ ಕಲ್ಯಾಣ ಬಿಜಾಪುರದ ಆದಿಲ್‌ಶಾಹಿ ಕೈಯಲ್ಲಿತ್ತು. 1657ರಲ್ಲಿ ದಖ್ಖನ್ ಸುಬೇದಾರನಾಗಿದ್ದ ಔರಂಗಜೇಬ್ ಮೊದಲು ಬೀದರ್ ಹಿಡಿದ, ಆಮೇಲೆ ಕಲ್ಯಾಣಕ್ಕೆ ಮುತ್ತಿಗೆ ಹಾಕಿದ. ಆಗ ದಿಲ್ಲಿಯಲ್ಲಿ ಅವನಪ್ಪ ಶಾಹಜಹಾನ್. ಆ ಶಾಹಜಹಾನನ ಒಂದು ಪುಟ್ಟ ಸಾಮಾನು ಈಗ ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ: 1630ರ ದಶಕದ ಹಸಿರುಕಲ್ಲಿನ ಉಂಗುರ, ಬಿಲ್ಲುಗಾರನ ಹೆಬ್ಬೆರಳಿಗೆ ಹಾಕೋದು. ಪಾರಸಿಯಲ್ಲಿ ‘ಜಿಹ್‌ಗೀರ್’ ಅಂತಾರೆ, ಹೆದೆ ಹಿಡಿಯೋದು ಅಂತ ಅರ್ಥ.

ಮಧ್ಯ ಏಷ್ಯಾದ ಕುದುರೆ ಸವಾರರ ಪದ್ಧತಿಯಲ್ಲಿ ಹೆದೆ ಎಳೆಯೋದು ಹೆಬ್ಬೆರಳಿನಿಂದ. ಹೆದೆಯ ಭಾರ ಎಲ್ಲಾ ಆ ಒಂದೇ ಬೆರಳಿನ ಮೇಲೆ. ಅದಕ್ಕೇ ಅಲ್ಲಿಗೊಂದು ಉಂಗುರ. ಉಂಗುರದ ಒಂದು ಬದಿ ತುಟಿ ಥರ ಮುಂದಕ್ಕೆ ಚಾಚಿರ್ತದೆ, ಹೆದೆ ಅದರ ಮೇಲಿಂದ ಜಾರಿ ಹೋಗ್ತದೆ. ಉಳಿದ ನಾಲ್ಕು ಬೆರಳು ಬರಿದು. ನನಗಂತೂ ಇಷ್ಟು ಕಮ್ಮಿ ಸಾಮಾನಿನಲ್ಲಿ ಇಷ್ಟು ದೊಡ್ಡ ಕೆಲಸ ಮಾಡಿದ ಇನ್ನೊಂದು ‘ಗ್ಲೋವ್’ ಕಂಡಿಲ್ಲ.

(4/5)
ಇದಕ್ಕೆ ಪೂರ್ತಿ ಉಲ್ಟಾ ಒಂದಿದೆ. ಶಿವಜಯಂತಿ ಮೆರವಣಿಗೆಯಲ್ಲಿ ದಾಂಡಪಟ್ಟ ತಿರುಗಿಸೋದು ನೋಡಿರ್ತೀರಿ. ಉದ್ದ ಕತ್ತಿ, ಅದರ ಹಿಡಿಯೇ ಮೊಣಕೈ ಕಡೆಗೆ ಏರಿದ ಕಬ್ಬಿಣದ ಕೈಗವಸು. ಕೈಗೆ ಗಾಯ ಆಗೋದು ಕಷ್ಟ. ಆದ್ರೆ ಮುಂಗೈ ಮಣಿಯೋದಿಲ್ಲ, ಮಣಿಕಟ್ಟೇ ಬಂದ್. ಹೊಡೆತ ಮೊಣಕೈ, ಭುಜದಿಂದ ಬರಬೇಕು, ಅದಕ್ಕೇ ಆ ಗಿರಗಿರ ತಿರುಗೋದು. ಪೂರ್ತಿ ರಕ್ಷಣೆ ಬೇಕಂದ್ರೆ ಯುದ್ಧ ಮಾಡೋ ರೀತಿಯನ್ನೇ ಬದಲಿಸಬೇಕಾಯ್ತು.

ಬತ್ತಿ ಬಂದೂಕು ಬಂದ ಮೇಲೆ ಬೆರಳ ತುದಿಗೆ ಇನ್ನೂ ನಾಜೂಕು ಕೆಲಸ ಬಂತು. ಕಿವಿಯ ಹತ್ತಿರದ ಪುಟ್ಟ ತಟ್ಟೆಗೆ ಚಿಟಿಕೆಯಷ್ಟು ಮದ್ದು ಸುರಿದು, ಉರಿಯೋ ಬತ್ತಿಯನ್ನು ಸರಿಯಾಗಿ ಸಿಕ್ಕಿಸಬೇಕು. ಮದ್ದಿನ ಜೊತೆ ಕಿಡಿ ಎಷ್ಟು ಅಪಾಯ ಅಂತ ಬೀದರ್‌ಗೆ ಗೊತ್ತು: ಅದೇ 1657ರಲ್ಲಿ ಕೋಟೆಯ ಮದ್ದಿಗೆ ಕಿಡಿ ತಾಗಿ, ಕಿಲ್ಲೇದಾರ ಸಿದ್ದಿ ಮರ್ಜಾನ್ ಸುಟ್ಟ ಗಾಯದಿಂದ ಸತ್ತ.

ಇವತ್ತಿನ ಶೂಟರ್‌ಗಳದ್ದೂ ಹೆಚ್ಚು ಕಮ್ಮಿ ಹಳೇ ಲೆಕ್ಕವೇ. ಅಂತರರಾಷ್ಟ್ರೀಯ ರೈಫಲ್ ಸ್ಪರ್ಧೆಯಲ್ಲಿ ಗ್ಲೋವ್ಸ್‌ನ ಹಿಂದೆ ಮುಂದೆ ಎರಡೂ ಪದರ ಸೇರಿ 12 ಮಿಲಿಮೀಟರ್ ದಾಟಬಾರದು ಅಂತ ನಿಯಮ. ಅದು ರೈಫಲ್‌ನ ಭಾರ ಹೊರುವ ಕೈಗೆ, ಪಟ್ಟಿ ಕೊರೆಯದ ಹಾಗೆ. ಟ್ರಿಗರ್ ಬೆರಳನ್ನು ಹೆಚ್ಚಿನವರು ಬರಿದೇ ಬಿಡ್ತಾರೆ. ಪಿಸ್ತೂಲಿನಲ್ಲಂತೂ ಮಣಿಕಟ್ಟಿಗೆ ವಾಚ್ ಕೂಡ ಇರಬಾರದು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದದ್ದು ಇಂಥ ನಿಯಮದಲ್ಲೇ.

(5/5)
ಇನ್ನು ನೀವು ಕೇಳಿದ್ದು. ಆನ್‌ಲೈನಿನಲ್ಲಿ ‘ಟ್ಯಾಕ್ಟಿಕಲ್’ ಅಂತ ಬರೋ ಬಹಳಷ್ಟರಲ್ಲಿ ಗೆಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಚಿಪ್ಪು ಇರ್ತದೆ. ಫೋಟೊದಲ್ಲಿ ಕಾಣೋದು ಅದೇ. ಕೋಟೆಯ ಒರಟು ಕಲ್ಲು ಹಿಡಿದು ಹತ್ತುವಾಗ ತರಚೋದು ಅಂಗೈ, ಗೆಣ್ಣಲ್ಲ. ಹಂಗಾಗಿ ಮೊದಲು ಅಂಗೈ ತಿರುಗಿಸಿ ನೋಡ್ರಿ. ಹಾಕ್ಕೊಂಡು ನೆಲದ ಮೇಲಿನ ಒಂದು ರೂಪಾಯಿ ನಾಣ್ಯ ಎತ್ತೋಕೆ ಬರ್ತದೇನು? ಬರದಿದ್ದರೆ ಟ್ರಿಗರ್ ಹತ್ರ ಅದು ಬ್ಯಾಡವೇ ಬ್ಯಾಡ. ಲೇಬಲ್ ಮೇಲೆ ಸುತ್ತಿಗೆ ಚಿತ್ರ, ‘ಇಎನ್ 388’, ಕೆಳಗೆ ನಾಲ್ಕು ಅಂಕಿ ಇದ್ದರೆ ಓದ್ರಿ: ಸವೆತ, ಕೊಯ್ತ, ಹರಿತ, ಚುಚ್ಚು, ಇದೇ ಕ್ರಮ. ಅಂಕಿ ದೊಡ್ಡದಿದ್ದಷ್ಟು ಗಟ್ಟಿ. ಅಂಕಿ ಬದಲು ‘ಎಕ್ಸ್’ ಇದ್ದರೆ ಅದನ್ನು ಪರೀಕ್ಷೆ ಮಾಡಿಲ್ಲ ಅಂತ. ನನ್ನದರ ಮೇಲೆ ಈ ಗುರುತೇ ಇರಲಿಲ್ಲ, ಹುಲಿ ಚಿತ್ರ ಮಾತ್ರ ಇತ್ತು.

ಫೈರಿಂಗ್ ದಿನ ಉಸ್ತಾದ್ ತೆಗೀರಿ ಅಂದ್ರೆ ಮಾತಾಡದೆ ತೆಗೀರಿ.

ನಮ್ಮ ಕಾಕಾ ಹುಮನಾಬಾದ್ ಕಡೆ ಕಬ್ಬು ಕಡೀತಾರೆ. ಹಳೇ ಲುಂಗಿ ಹರಿದು ಎಡಗೈಗೆ ಮಾತ್ರ ಸುತ್ತಿಕೊಳ್ತಾರೆ, ಯಾಕಂದ್ರ ಕಬ್ಬು ಹಿಡಿಯೋದು ಆ ಕೈ, ರವದಿ ಕೊಯ್ಯೋದು ಆ ಕೈಯನ್ನೇ. ಕೊಯ್ತಾ ಹಿಡಿದ ಬಲಗೈ ಬರಿದು, ಬಟ್ಟೆ ಇದ್ದರೆ ಹಿಡಿ ಜಾರ್ತದಂತ. ಇಷ್ಟೆಲ್ಲ ಓದಿ ಬಂದು ಹೇಳಿದರೆ ಅವರು ನಕ್ಕು ನನ್ನ ಕರಿ ಗ್ಲೋವ್ಸ್‌ನಲ್ಲಿ ಎಡಗೈದು ಇಸ್ಕೊಂಡ್ರು. ಅಂಗೈ ಕಡೆ ಇನ್ನೂ ಪರವಾಗಿಲ್ಲವಂತೆ. ಬಲಗೈದು ನನ್ನ ಬ್ಯಾಗಿನಲ್ಲೇ ಬಿದ್ದದೆ, ಯಾರಿಗಾದರೂ ಬೇಕಾದ್ರೆ ಸೋಮವಾರ ಕ್ಲಾಸಿಗೆ ತರ್ತೀನಿ.

#ಬಸವಕಲ್ಯಾಣ #ಹುಮನಾಬಾದ್ #ಜಲಸಂಗಿ #ನಮ್ಮಬೀದರ್ #ಇತಿಹಾಸ