ಸೂಕ್ಷ್ಮಜೀವಿರಹಿತ ಇಲಿಗಳ ಆತಂಕ: 2011 ಮತ್ತು 2025ರ ವರದಿಗಳ ನಡುವಿನ ವ್ಯತ್ಯಾಸ

1. ಸಿಂಗಪುರದ ಸಂಸ್ಥೆಗಳು ಪಾಲ್ಗೊಂಡ ಎರಡು ಅಧ್ಯಯನಗಳನ್ನು ಇಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಲಾಗಿದೆ. ಎರಡರಲ್ಲೂ ಸಂಶೋಧಕ ಸ್ವೆನ್ ಪೆಟ್ಟರ್ಸನ್ ಸಹಲೇಖಕರು. ಆದರೂ ಫಲಿತಾಂಶದ ದಿಕ್ಕು ಒಂದೇ ಅಲ್ಲ.

2. ಮೊದಲನೆಯದು ಕರೋಲಿನ್ಸ್ಕಾ ಸಂಸ್ಥೆ ಮತ್ತು ಸಿಂಗಪುರದ ಜೀನೋಮ್ ಸಂಸ್ಥೆಗಳ ಜಂಟಿ ಕೆಲಸ, 2011ರಲ್ಲಿ ಪ್ರಕಟವಾದದ್ದು. ಕರುಳಿನಲ್ಲಿ ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಎನ್‌ಎಂಆರ್‌ಐ ತಳಿಯ ಇಲಿಗಳಲ್ಲಿ ಓಡಾಟ ಹೆಚ್ಚಿತ್ತು, ಆತಂಕದ ನಡವಳಿಕೆ ಕಡಿಮೆಯಿತ್ತು. ಎರಡನೆಯದು ಸಿಂಗಪುರದ ಡ್ಯೂಕ್-ಎನ್‌ಯುಎಸ್ ಮತ್ತು ರಾಷ್ಟ್ರೀಯ ನರವಿಜ್ಞಾನ ಸಂಸ್ಥೆಯದು, 2025ರದ್ದು. ಇಲ್ಲಿನ ಸೂಕ್ಷ್ಮಜೀವಿರಹಿತ ಗಂಡು ಸಿ57ಬಿಎಲ್/6ಜೆ ಇಲಿಗಳಲ್ಲಿ ಆತಂಕ ಹೆಚ್ಚಿತ್ತು. ಮಿದುಳಿನಲ್ಲಿ ಭಯ, ಆತಂಕಗಳಿಗೆ ಸಂಬಂಧಿಸಿದ ಅಮಿಗ್ಡಲಾದ ಒಂದು ಭಾಗದ ನರಕೋಶಗಳು ಅತಿಯಾಗಿ ಉದ್ರಿಕ್ತವಾಗಿದ್ದವು. ಅದರ ಜೊತೆಗೆ ಆ ನರಕೋಶಗಳಲ್ಲಿ ಕ್ಯಾಲ್ಸಿಯಂನಿಂದ ತೆರೆಯುವ ಎಸ್‌ಕೆ ಎಂಬ ಪೊಟ್ಯಾಸಿಯಂ ಚಾನಲ್‌ಗಳ ಪ್ರವಾಹ ತಗ್ಗಿತ್ತು. ಸೂಕ್ಷ್ಮಜೀವಿಗಳನ್ನೋ ಅವು ತಯಾರಿಸುವ ಇಂಡೋಲ್‌ಗಳನ್ನೋ ಕೊಟ್ಟಾಗ ಆತಂಕ ಇಳಿಯಿತು.

3. ಈ ವ್ಯತ್ಯಾಸಕ್ಕೆ ತಳಿಭೇದವೇ ಕಾರಣವಿರಬಹುದು, ಆದರೆ ಇದನ್ನು ಊಹೆಯೆಂದೇ ಓದಬೇಕು. 2011ರಲ್ಲೇ ಸೂಕ್ಷ್ಮಜೀವಿರಹಿತ ಹೆಣ್ಣು ಸ್ವಿಸ್ ವೆಬ್‌ಸ್ಟರ್ ಇಲಿಗಳಲ್ಲೂ ಆತಂಕ ಕಡಿಮೆಯೆಂದು ಬೇರೊಂದು ತಂಡ ವರದಿ ಮಾಡಿತ್ತು. 2014ರಲ್ಲಿ ಸೂಕ್ಷ್ಮಜೀವಿರಹಿತ ಎಫ್344 ತಳಿಯ ದೊಡ್ಡಿಲಿಗಳಲ್ಲಿ ಅದು ಹೆಚ್ಚೆಂದು ಕಂಡಿತು. ಜಪಾನಿನ ಸುಡೊ ತಂಡ 2004ರಲ್ಲಿ ಸೂಕ್ಷ್ಮಜೀವಿರಹಿತ ಇಲಿಗಳಲ್ಲಿ ಅಳೆದದ್ದು ಒತ್ತಡದ ಹಾರ್ಮೋನು. ಅದು ಏರಿದ್ದಕ್ಕೆ ನಡವಳಿಕೆಯೂ ಹಾಗೆಯೇ ಬದಲಾಯಿತೆಂದು ಹೇಳಲಾಗದು. ಈ ಐದರಲ್ಲಿ ಒಂದೂ ಮನುಷ್ಯರ ಅಧ್ಯಯನವಲ್ಲ.

4. ಹಾಗಾದರೆ ಹುದುಗಿದ ಆಹಾರದ ಬ್ಯಾಕ್ಟೀರಿಯಾಗಳಿಂದಲೂ ಆತಂಕ ಇಳಿಯುತ್ತದೆಯೇ? ಸಿಂಗಪುರದ ಯಿಶುನ್‌ನ ಎಚ್‌ಡಿಬಿ (ಸರ್ಕಾರಿ ವಸತಿ) ಮನೆಯಲ್ಲಿ ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಅಲ್ಲಿನ ಸೆಕೆಗೆ ಬೆಳಗಾಗುವುದರೊಳಗೆ ಉಬ್ಬಿ ಪಾತ್ರೆಯ ಅಂಚಿಗೆ ಬಂದಿರುತ್ತದೆ. ಇದು ಲ್ಯೂಕೊನೊಸ್ಟಾಕ್ ಮುಂತಾದ ಬ್ಯಾಕ್ಟೀರಿಯಾಗಳ ಕೆಲಸ. ಕಾದ ಕಾವಲಿಯ ಮೇಲೆ ಅವುಗಳಲ್ಲಿ ಬಹುಪಾಲು ಸಾಯುತ್ತವೆ. ಮೊಸರಿನವು ಜೀವಂತವಾಗಿಯೇ ಹೊಟ್ಟೆ ಸೇರುತ್ತವೆ, ನಿಜ. ಆದರೆ ಇಂಡೋಲ್ ಹುಟ್ಟುವುದು ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವನ್ನು ಟ್ರಿಪ್ಟೊಫನೇಸ್ ಕಿಣ್ವ ಒಡೆದಾಗ. ಈ ಕಿಣ್ವಕ್ಕೆ ಹೆಸರಾದದ್ದು ಕರುಳಿನ ಇ. ಕೋಲಿ, ಮೊಸರಿನ ಬ್ಯಾಕ್ಟೀರಿಯಾಗಳಲ್ಲ. ಆದ್ದರಿಂದ 2025ರ ಫಲಿತಾಂಶವನ್ನು ಮೊಸರಿನ ಬಟ್ಟಲಿಗೆ ನೇರವಾಗಿ ಅನ್ವಯಿಸಲು ಆಧಾರ ಸಾಲದು. ಇಂಡೋಲ್‌ಗೆ ಸಂಬಂಧಿಸಿದಂತೆ ಕೇಳಬೇಕಾದದ್ದು, ಊಟದಲ್ಲಿ ಟ್ರಿಪ್ಟೊಫಾನ್ ಎಷ್ಟಿತ್ತು, ಅದರಲ್ಲಿ ದೊಡ್ಡ ಕರುಳಿನವರೆಗೆ ತಲುಪಿದ್ದು ಎಷ್ಟು ಎಂಬುದನ್ನು.